ಕೈಗಡಿಯಾರ ಸಂಗ್ರಹ: ಮೋಹವೊ, ಪಾಲನೆಯೊ?

ಪ್ರಯೋಜನವುಳ್ಳ ವಸ್ತುವನ್ನು ಮನುಷ್ಯನು ಪ್ರೀತಿಸುವುದು ಸಹಜವೇ ಸರಿ. ಆದರೆ ಪ್ರಯೋಜನವು ತೀರಿದ ಮೇಲೂ, ಅದಕ್ಕಿಂತ ಮೇಲಾದ ಇನ್ನೊಂದು ವಸ್ತುವು ಅಗ್ಗವಾಗಿ ಕೈಗೆ ದೊರೆಯುತ್ತಿರುವಾಗಲೂ, ಹಳೆಯದರ ಮೇಲಿನ ಮಮತೆಯು ತೀರದೆ ಉಳಿಯುವುದುಂಟು. ಇದು ಮನಸ್ಸಿನ ದೌರ್ಬಲ್ಯವೆ? ಅಥವಾ ಇದರ ಬುಡದಲ್ಲಿ ವಿಚಾರಯೋಗ್ಯವಾದ ಯಾವುದಾದರೊಂದು ಸತ್ಯವು ಅಡಗಿದೆಯೆ? ಈ ಪ್ರಶ್ನೆಯ ವಿವೇಚನೆಗೆ ಕೀಲಿ ಕೊಡುವ ಹಳೆಯ ಕೈಗಡಿಯಾರವು ಒಳ್ಳೆಯ ನಿದರ್ಶನವಾಗಬಲ್ಲುದು. ಅದರಷ್ಟು ಸ್ಪಷ್ಟವಾಗಿ ಪ್ರಯೋಜನದಲ್ಲಿ ಸೋತು, ಅದರಷ್ಟು ದೃಢವಾಗಿ ಪ್ರೀತಿಯಲ್ಲಿ ಗೆದ್ದಿರುವ ವಸ್ತುಗಳು ವಿರಳ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳೆಯ ಮನೆಗಳಲ್ಲಿ ಹಿರಿಯರ ಕಪಾಟನ್ನು ತೆರೆದು ನೋಡಿದರೆ, ಅಡಿಕೆ ಮಾರಿದ ಚೀಟಿಗಳು, ಬೀಗವನ್ನು ಕಳೆದುಕೊಂಡ ಬೀಗದ ಕೈಗಳು, ಕಾಲು ಮುರಿದ ಕನ್ನಡಕ ಇವುಗಳ ನಡುವೆ ನಿಂತುಹೋದ ಒಂದು ಕೈಗಡಿಯಾರವು ಕಾಣಸಿಗುವುದು ಅಪರೂಪವೇನಲ್ಲ. ಅಂತಹ ಒಂದು ಮನೆಯನ್ನು ವಾಚಕರು ಭಾವಿಸಿಕೊಳ್ಳಬಹುದು. ಅಜ್ಜನು ತನ್ನ ಯೌವನದಲ್ಲಿ ಕೊಂಡಿದ್ದ ಎಚ್.ಎಂ.ಟಿ. 'ಜನತಾ' ಗಡಿಯಾರವದು. ಅಜ್ಜನು ತೀರಿಕೊಂಡ ಮೇಲೆ ಅದು ಹಲವು ಮಳೆಗಾಲಗಳನ್ನು ಕಪಾಟಿನಲ್ಲಿಯೆ ಕಳೆಯಿತು. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢದ ಥಂಡಿಯು ಯಾವ ಕಪಾಟನ್ನೂ ಬಿಡುವುದಿಲ್ಲ. ಗಡಿಯಾರದ ಬಿಳಿಯ ಡಯಲಿನ ಅಂಚಿನಲ್ಲಿ ಕಂದುಬಣ್ಣದ ಕಲೆಯೊಂದು ಹಬ್ಬಿತು. ಮೊಮ್ಮಗನು ಅದನ್ನು ಪೇಟೆಯ ದುರಸ್ತಿಯ ಅಂಗಡಿಗೆ ಒಯ್ದನು. ದುರಸ್ತಿಗಾರನು ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳವನ್ನು ತೆಗೆದು ನೋಡಿ, ಯಂತ್ರಕ್ಕೆ ಏನೂ ಆಗಿಲ್ಲವೆಂದೂ, ತೊಳೆದು ಎಣ್ಣೆ ಬಿಟ್ಟರೆ ನಡೆಯುವುದೆಂದೂ, ಬೇಕಾದರೆ ಹೊಸ ಡಯಲು ಹಾಕಿಕೊಡುವುದಾಗಿಯೂ, ಆಗ ಗಡಿಯಾರವು ಅಂಗಡಿಯಿಂದ ಆಗತಾನೆ ತಂದಂತೆ ಕಾಣುವುದೆಂದೂ ಹೇಳಿದನು. ಅದಕ್ಕೆ ಮೊಮ್ಮಗನು ಕೂಡಲೆ ಒಪ್ಪಲಾರದೆ ಹೋದನು. ಬೇಡವೆನ್ನುವುದಕ್ಕೂ ಅವನಲ್ಲಿ ಕಾರಣವಿರಲಿಲ್ಲ. ಈ ಹಿಂಜರಿಕೆಯು ಅರ್ಥವಾದರೆ ಸಂಗ್ರಹದ ಧರ್ಮಾಧರ್ಮಗಳು ಬಹುಮಟ್ಟಿಗೆ ಅರ್ಥವಾದಂತೆಯೆ.

ಮೊದಲು ಆ ಗಡಿಯಾರದ ಪೂರ್ವೋತ್ತರವನ್ನು ತಿಳಿಯುವುದು ಯುಕ್ತ. ೧೯೫೩ರಲ್ಲಿ ಯಂತ್ರೋಪಕರಣಗಳ ತಯಾರಿಕೆಗೆಂದು ಬೆಂಗಳೂರಿನಲ್ಲಿ ಆರಂಭವಾದ ಹಿಂದುಸ್ಥಾನ್ ಮೆಶಿನ್ ಟೂಲ್ಸ್ ಎಂಬ ಸರಕಾರಿ ಸಂಸ್ಥೆಯು, ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಅಲ್ಲಿ ತಯಾರಾದ ಮೊದಲ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ ನೆಹರೂ ಅವರೇ ಬಿಡುಗಡೆ ಮಾಡಿದರು. ಅದುವರೆಗೆ ಸ್ವಿಟ್ಜರ್ಲೆಂಡಿನಿಂದ ಬರುವ ಗಡಿಯಾರವನ್ನು ಕಟ್ಟಿಕೊಳ್ಳಲು ಉಳ್ಳವರಿಗೆ ಮಾತ್ರ ಸಾಧ್ಯವಿತ್ತು. 'ಜನತಾ', 'ಪೈಲಟ್', 'ಸೋನಾ', 'ಕೋಹಿನೂರ್', ಸ್ತ್ರೀಯರಿಗೆ 'ಸುಜಾತಾ', ತಾನೇ ಕೀಲಿ ತೆಗೆದುಕೊಳ್ಳುವ 'ಕಾಂಚನ್', ಕುರುಡರು ಬೆರಳಿನಿಂದ ಮುಟ್ಟಿ ತಿಳಿಯಬಹುದಾದ ಬ್ರೈಲ್ ಗಡಿಯಾರ ಹೀಗೆ ಹಲವು ಬಗೆಗಳು ಈ ಸಂಸ್ಥೆಯಿಂದ ಹೊರಬಂದವು. ಮುಂದೆ ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲಿಯೂ ಕಾರ್ಖಾನೆಗಳಾದವು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮದುವೆಯ ಮಂಟಪದಲ್ಲಿ ಅಳಿಯನಿಗೆ, ನೌಕರಿಯಿಂದ ನಿವೃತ್ತನಾಗುವ ಉಪಾಧ್ಯಾಯನಿಗೆ ಕೊಡತಕ್ಕ ಉಡುಗೊರೆಯೆಂದರೆ ಕೈಗಡಿಯಾರವೆಂಬ ರೂಢಿಯು ನಾಡಿನಲ್ಲೆಲ್ಲ ಬೇರೂರಿತು.

ಅಷ್ಟರಲ್ಲಿ ಗಡಿಯಾರದ ಲೋಕವೇ ಬದಲಾಯಿತು. ೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಸೈಕೊ ಕಂಪೆನಿಯು ಸ್ಫಟಿಕದ ಕಂಪನದಿಂದ ನಡೆಯುವ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಇಂದು ಬಳಕೆಯಲ್ಲಿರುವ ಇಂತಹ ಗಡಿಯಾರಗಳ ಸ್ಫಟಿಕದ ತುಣುಕು ಸಾಮಾನ್ಯವಾಗಿ ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ತಿಂಗಳಿಗೆ ಹತ್ತಿಪ್ಪತ್ತು ಸೆಕೆಂಡು ಹೆಚ್ಚು ಕಡಿಮೆಯಾದರೆ ಅದೇ ದೊಡ್ಡದು. ಕೀಲಿಯ ಗಡಿಯಾರವಾದರೊ ದಿನವೊಂದಕ್ಕೇ ಅಷ್ಟು ತಪ್ಪುವುದುಂಟು. ಈ ಸ್ಪರ್ಧೆಯಲ್ಲಿ ಸ್ವಿಟ್ಜರ್ಲೆಂಡಿನಂತಹ ದೇಶವೇ ತತ್ತರಿಸಿತು. ೧೯೭೦ರ ಸುಮಾರಿಗೆ ಅಲ್ಲಿ ಗಡಿಯಾರದ ಉದ್ಯೋಗದಲ್ಲಿದ್ದ ೯೦ ಸಾವಿರದಷ್ಟು ಜನರು ೧೯೮೦ರ ದಶಕದ ನಡುವಿಗೆ ೩೦ ಸಾವಿರದ ಆಸುಪಾಸಿಗೆ ಇಳಿದರು. ಭಾರತದಲ್ಲಿ ೧೯೮೪ರಲ್ಲಿ ಸ್ಥಾಪಿತವಾಗಿ ಹೊಸೂರಿನಲ್ಲಿ ಕಾರ್ಖಾನೆಯನ್ನು ಕಟ್ಟಿದ ಟೈಟಾನ್ ಸಂಸ್ಥೆಯು ಕ್ವಾರ್ಟ್ಸ್ ಗಡಿಯಾರಗಳಿಂದಲೆ ಜನಪ್ರಿಯವಾಯಿತು. ಎಚ್.ಎಂ.ಟಿ. ಗಡಿಯಾರದ ಉದ್ಯಮವು ನಷ್ಟದಿಂದ ನಷ್ಟಕ್ಕೆ ಇಳಿದು, ೧೯೧೬ರಲ್ಲಲ್ಲ, ಅದಕ್ಕೆ ಸರಿಯಾಗಿ ನೂರು ವರ್ಷಗಳ ತರುವಾಯ, ೨೦೧೬ರ ಜನವರಿಯಲ್ಲಿ, ಕೇಂದ್ರ ಮಂತ್ರಿಮಂಡಲದ ಒಪ್ಪಿಗೆಯೊಡನೆ ಮುಚ್ಚುವ ಸ್ಥಿತಿಗೆ ಬಂದಿತು. ಈಗ ಬೆಂಗಳೂರಿನ ಜಾಲಹಳ್ಳಿಯಲ್ಲಿ ಅದರ ನೆನಪಿಗಾಗಿ ಒಂದು ವಸ್ತುಸಂಗ್ರಹಾಲಯವಿದೆ.

ಹೀಗೆ ಪ್ರಯೋಜನದ ನ್ಯಾಯಾಲಯದಲ್ಲಿ ತೀರ್ಪು ಆಗಿಹೋಗಿದೆ. ಹೊತ್ತು ತಿಳಿಯಲು ಈಗ ಕೈಗಡಿಯಾರವೇ ಬೇಕಿಲ್ಲ. ಜೇಬಿನ ದೂರವಾಣಿಯು ಅದನ್ನು ತಪ್ಪಿಲ್ಲದೆ ಹೇಳುತ್ತದೆ. ಆದಾಗ್ಯೂ ಕೀಲಿಯ ಗಡಿಯಾರಗಳನ್ನು ಹುಡುಕಿ, ಕೊಂಡು, ಕೂಡಿಡುವವರ ಸಂಖ್ಯೆಯು ಕುಗ್ಗಿಲ್ಲ. ಇದಕ್ಕೆ ಕಾರಣವೇನು?

ಮೊದಲನೆಯ ಕಾರಣವು ಯಂತ್ರದ ಸುಬೋಧತೆ. ಗಡಿಯಾರದ ಹಿಂದಿನ ಮುಚ್ಚಳವನ್ನು ತೆಗೆದು ನೋಡಿದರೆ ಅದರಲ್ಲಿ ಗುಟ್ಟೆಂಬುದೇ ಇಲ್ಲ. ಬಿಗಿಯಾಗಿ ಸುತ್ತಿಕೊಂಡ ಉಕ್ಕಿನ ಸ್ಪ್ರಿಂಗು ತನ್ನ ಬಿಗುವನ್ನು ಕಳೆದುಕೊಳ್ಳಲು ಹವಣಿಸುತ್ತದೆ. ಹಲ್ಲಿನ ಚಕ್ರಗಳ ಸಾಲು ಆ ಶಕ್ತಿಯನ್ನು ಮುಂದಕ್ಕೆ ಸಾಗಿಸುತ್ತದೆ. ಕೊನೆಯಲ್ಲಿ ಬ್ಯಾಲೆನ್ಸ್ ಎಂಬ ಚಕ್ರವು ಕೂದಲಿನಂತಹ ಸುರುಳಿಗೆ ಕಟ್ಟುಬಿದ್ದು ಅತ್ತಿತ್ತ ತೂಗುತ್ತ, ಆ ಶಕ್ತಿಯು ಒಮ್ಮೆಲೆ ಹರಿದುಹೋಗದಂತೆ ತಡೆದು, ಹನಿಹನಿಯಾಗಿ ಬಿಡುತ್ತದೆ. ೧೬೭೫ರಲ್ಲಿ ಡಚ್ಚರ ವಿಜ್ಞಾನಿ ಹೈಗೆನ್ಸನು ಈ ಸುರುಳಿಯನ್ನು ಗಡಿಯಾರಕ್ಕೆ ಅಳವಡಿಸಿದ ಮೇಲೆ ಮೂಲತತ್ತ್ವವು ಬದಲಾಗಿಯೇ ಇಲ್ಲ. 'ಜನತಾ'ದಂತಹ ಗಡಿಯಾರದಲ್ಲಿ ಗಂಟೆಗೆ ೧೮,೦೦೦ ಬಡಿತಗಳು. ಎಂದರೆ ಸೆಕೆಂಡಿಗೆ ೫, ದಿನಕ್ಕೆ ೪,೩೨,೦೦೦, ವರ್ಷವಿಡೀ ನಿಲ್ಲದೆ ನಡೆದರೆ ೧೫ ಕೋಟಿ ೭೬ ಲಕ್ಷಕ್ಕೂ ಮಿಕ್ಕು. ತಿರುಗುವ ದಂಡಗಳು ಸವೆಯದಂತೆ ೧೭ ಕೆಂಪು ಕಲ್ಲುಗಳನ್ನು ಕೂಡಿಸಿದ್ದಾರೆ. ಸಾಮಾನ್ಯ ಬುದ್ಧಿಯುಳ್ಳ ಬಾಲಕನಿಗೂ ಅರ್ಧ ಗಂಟೆಯಲ್ಲಿ ಇದೆಲ್ಲವನ್ನೂ ತೋರಿಸಿಕೊಡಬಹುದು. ಇಂದಿನ ಉಪಕರಣಗಳಾದರೊ ಬಳಸುವವನ ಪಾಲಿಗೆ ಮುಚ್ಚಿದ ಪೆಟ್ಟಿಗೆಗಳು. ಅವು ಕೆಟ್ಟರೆ ಎಸೆಯುವುದಲ್ಲದೆ ಬೇರೆ ದಾರಿಯು ಅನೇಕ ವೇಳೆ ಇರುವುದಿಲ್ಲ. ತನಗೆ ತಿಳಿಯುವ ವಸ್ತುವಿನೊಡನೆ ಬಾಳುವುದರಲ್ಲಿ ಮನುಷ್ಯನಿಗೆ ಒಂದು ಬಗೆಯ ಸ್ವಾತಂತ್ರ್ಯವಿದೆ. ಕೀಲಿಯ ಗಡಿಯಾರವನ್ನು ಮೆಚ್ಚುವವನು ಬಹುಶಃ ಈ ಸ್ವಾತಂತ್ರ್ಯವನ್ನೇ ಮೆಚ್ಚುತ್ತಾನೆ.

ಎರಡನೆಯ ಕಾರಣವು ಇದಕ್ಕಿಂತ ಆಳವಾದುದು. ಕೀಲಿಯ ಗಡಿಯಾರಕ್ಕೆ ಮನುಷ್ಯನ ಕೈ ಬೇಕು. ಒಮ್ಮೆ ಪೂರ್ಣವಾಗಿ ಕೀಲಿ ಕೊಟ್ಟರೆ ಅದು ಸುಮಾರು ಒಂದೂವರೆ ದಿನ ನಡೆದೀತು. ಮರೆತರೆ ನಿಂತೀತು. ಹಿಂದಿನ ಕಾಲದಲ್ಲಿ ಮುಹೂರ್ತವನ್ನು ನಿರ್ಣಯಿಸಲು ಗಳಿಗೆ ಬಟ್ಟಲನ್ನು ಬಳಸುತ್ತಿದ್ದರಷ್ಟೆ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ನೀರು ತುಂಬಿ ಮುಳುಗುವಾಗ ಒಂದು ಗಳಿಗೆ, ಎಂದರೆ ೨೪ ನಿಮಿಷ, ಕಳೆದಂತಾಗುವುದು. ಅಹೋರಾತ್ರಿಗೆ ಅಂತಹ ೬೦ ಗಳಿಗೆಗಳು. ಆದರೆ ಬಟ್ಟಲು ತಾನಾಗಿ ಮತ್ತೆ ಮೇಲೇಳದು. ಅದನ್ನು ಎತ್ತಿ, ನೀರು ಚೆಲ್ಲಿ, ಮರಳಿ ತೇಲಬಿಡುವುದಕ್ಕೆ ಒಬ್ಬನು ಎಚ್ಚರದಿಂದ ಕುಳಿತಿರಬೇಕಾಗಿತ್ತು. ಕಾಲವನ್ನು ಅಳೆಯುವುದೆಂದರೆ ಕಾಲದ ಕಡೆಗೆ ಲಕ್ಷ್ಯವಿಡುವುದೆಂಬ ಅರ್ಥವು ಆಗ ಪ್ರತ್ಯಕ್ಷವಾಗಿತ್ತು. ಕೀಲಿಯ ಗಡಿಯಾರದಲ್ಲಿ ಆ ಸಂಬಂಧದ ಶೇಷವೊಂದು ಉಳಿದಿದೆ. ಬೆಳಗ್ಗೆ ಎದ್ದು, ಮುಖ ತೊಳೆದು, ಕೀಲಿಯ ಗುಂಡಿಯನ್ನು ಬೆರಳುಗಳ ನಡುವೆ ತಿರುಗಿಸುವವನು ಆ ದಿನದ ಹೊತ್ತನ್ನು ತನ್ನ ಕೈಯಿಂದಲೆ ಆರಂಭಿಸುತ್ತಾನೆ. ಸಾಕಿದ ಹಸುವಿನ ಮೇಲೆ, ನೆಟ್ಟ ಸಸಿಯ ಮೇಲೆ ಹುಟ್ಟುವ ಪ್ರೀತಿಯು ಕೊಂಡುತಂದ ವಸ್ತುವಿನ ಮೇಲೆ ಹುಟ್ಟುವುದು ಕಡಿಮೆ. ಏಕೆಂದರೆ ಪ್ರೀತಿಯು ಬಹುಪಾಲು ಆರೈಕೆಯಿಂದ ಹುಟ್ಟುವಂತಹುದು. ಆರೈಕೆಯನ್ನು ಕೇಳುವ ಯಂತ್ರವಾದುದರಿಂದಲೆ ಈ ಗಡಿಯಾರವು ಮಮತೆಗೆ ಪಾತ್ರವಾಗಿದೆ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಇದೆಲ್ಲವೂ ಗತಕಾಲವನ್ನು ಹೊಗಳುವ ಹಳೆಯ ಚಾಳಿಯಲ್ಲವೆ? ೧೯೬೦ರ ಮತ್ತು ೧೯೭೦ರ ದಶಕಗಳಲ್ಲಿ ಗಡಿಯಾರಕ್ಕಾಗಿ ಕಾಯಬೇಕಾಗಿದ್ದುದು ಜನರ ತಾಳ್ಮೆಯಿಂದಲ್ಲ, ಪದಾರ್ಥದ ಅಭಾವದಿಂದ. ಅಳಿಯನ ಗಡಿಯಾರಕ್ಕಾಗಿ ಸಾಲ ಮಾಡಿದ ಮಾವಂದಿರೂ ಆ ಕಾಲದಲ್ಲಿಯೆ ಇದ್ದರು. ಅಗ್ಗದ ಕ್ವಾರ್ಟ್ಸ್ ಗಡಿಯಾರವು ಕೂಲಿಯವನ ಕೈಗೂ, ಶಾಲೆಯ ಹುಡುಗಿಯ ಕೈಗೂ ಹೊತ್ತನ್ನು ತಲಪಿಸಿತು. ಇದು ಸತ್ಯವಾದ ಮಾತು, ಒಪ್ಪತಕ್ಕದ್ದೇ. ಕೀಲಿಯ ಗಡಿಯಾರವನ್ನು ಪ್ರೀತಿಸುವುದಕ್ಕೆ ಹೊಸದನ್ನು ಹಳಿಯಬೇಕಾದ ಅಗತ್ಯವಿಲ್ಲ. ಹೊತ್ತನ್ನು ತಿಳಿಯುವ ಕೆಲಸವನ್ನು ಹೊಸ ಯಂತ್ರವು ವಹಿಸಿಕೊಂಡುದರಿಂದಲೆ ಹಳೆಯ ಯಂತ್ರವು ಬರಿಯ ಉಪಕರಣವಾಗಿರುವ ಹಂಗಿನಿಂದ ಬಿಡುಗಡೆ ಹೊಂದಿತೆಂದು ಹೇಳಿದರೆ ಹೆಚ್ಚು ಸರಿಯಾದೀತು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಒಂದು ಗಡಿಯಾರವನ್ನು ಪ್ರೀತಿಸುವುದು ಬೇರೆ, ನೂರನ್ನು ಕೂಡಿಹಾಕುವುದು ಬೇರೆ. ಸಂಗ್ರಹವೆಂಬುದು ಪರಿಗ್ರಹಕ್ಕೆ ಇಟ್ಟ ಸಭ್ಯವಾದ ಹೆಸರಲ್ಲವೆ? ಈ ಪ್ರಶ್ನೆಯನ್ನು ಕಣ್ಣಮುಂದೆ ನಿಲ್ಲಿಸಿದ ಘಟನೆಯೊಂದು ಇತ್ತೀಚಿನ ಚರಿತ್ರೆಯಲ್ಲಿದೆ. ೧೯೩೪ರಲ್ಲಿ ಪುತ್ತೂರಿಗೂ ಬಂದಿದ್ದ ಮಹಾತ್ಮಾ ಗಾಂಧಿಯವರು ಅಪರಿಗ್ರಹವನ್ನು ವ್ರತವಾಗಿ ಹಿಡಿದವರು. ಆದರೆ ಗಡಿಯಾರವನ್ನು ಮಾತ್ರ ಬಿಟ್ಟವರಲ್ಲ. ಪರರ ಹೊತ್ತನ್ನು ವ್ಯರ್ಥಮಾಡುವುದೂ ಒಂದು ಬಗೆಯ ಅಪಹಾರವೆಂಬಂತೆ ಅವರು ವೇಳೆಯನ್ನು ಪಾಲಿಸುತ್ತಿದ್ದರು. ೨೦೦೯ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅವರ ಝೆನಿತ್ ಜೇಬುಗಡಿಯಾರ, ಕನ್ನಡಕ, ಚಪ್ಪಲಿ, ತಟ್ಟೆ, ಬಟ್ಟಲುಗಳನ್ನು ಹರಾಜಿಗೆ ಇಟ್ಟಾಗ, ಕರ್ನಾಟಕದ ಉದ್ಯಮಿ ವಿಜಯ ಮಲ್ಯ ಅವರ ಪರವಾಗಿ ಕೂಗಿದ ೧೮ ಲಕ್ಷ ಡಾಲರುಗಳಿಗೆ ಅವು ಮಾರಾಟವಾದವು. ಒಡೆಯನು ಉಪಯೋಗಕ್ಕಾಗಿ ಮಾತ್ರ ಇಟ್ಟುಕೊಂಡಿದ್ದ ವಸ್ತುವು ಅವನು ಹೋದ ಮೇಲೆ ಯಾರ ಉಪಯೋಗಕ್ಕೂ ಸಲ್ಲದಷ್ಟು ಬೆಲೆಯುಳ್ಳದ್ದಾಯಿತು! ಗಡಿಯಾರವು ಅದೇ. ಅದರೊಡನೆ ಮನುಷ್ಯನು ಇಟ್ಟುಕೊಂಡ ಸಂಬಂಧವು ಮಾತ್ರ ಬೇರೆಯಾಯಿತು.

ಆದುದರಿಂದ ದೋಷವನ್ನು ವಸ್ತುವಿನಲ್ಲಿ ಹುಡುಕದೆ ಸಂಬಂಧದಲ್ಲಿ ಹುಡುಕುವುದು ಸರಿಯಾದ ಕ್ರಮ. ಜೈನಾಚಾರ್ಯನಾದ ಉಮಾಸ್ವಾತಿಯು ಪರಿಗ್ರಹವನ್ನು ಲಕ್ಷಣಿಸುವಾಗ ವಸ್ತುಗಳ ಲೆಕ್ಕವನ್ನು ಹಿಡಿಯಲಿಲ್ಲ. ವಸ್ತುವಿನ ವಿಷಯದಲ್ಲಿ ಮನಸ್ಸು ಎಚ್ಚರ ತಪ್ಪಿ ಅದಕ್ಕೆ ಅಂಟಿಕೊಳ್ಳುವ ಮೂರ್ಛೆಯನ್ನೇ ಪರಿಗ್ರಹವೆಂದನು. ಗಡಿಯಾರದ ಸಂಗ್ರಹಕ್ಕೆ ಈ ಒರೆಗಲ್ಲು ಬಹಳ ಚೆನ್ನಾಗಿ ಹೊಂದುತ್ತದೆ. ಏಳು ಗಡಿಯಾರಗಳುಳ್ಳವನು ದಿನಕ್ಕೊಂದರಂತೆ ವಾರದಲ್ಲಿ ಎಲ್ಲವನ್ನೂ ಕಟ್ಟಿಕೊಳ್ಳಬಹುದು. ಮುನ್ನೂರು ಗಡಿಯಾರಗಳುಳ್ಳವನು ಹಾಗೆಯೇ ಮಾಡಹೊರಟರೆ ಒಂದೊಂದರ ಸರದಿಯು ಹತ್ತು ತಿಂಗಳಿಗೊಮ್ಮೆ ಬಂದೀತು. ಅಷ್ಟರಲ್ಲಿ ಎಷ್ಟೋ ಗಡಿಯಾರಗಳು ಕತ್ತಲೆಯಲ್ಲಿ ನಿಂತಿರುತ್ತವೆ. ಕಟ್ಟಲಿ, ಬಿಡಲಿ, ಒಳಗಿನ ಎಣ್ಣೆಯು ಒಣಗುತ್ತದೆ. ನಾಲ್ಕೈದು ವರ್ಷಗಳಿಗೊಮ್ಮೆಯಾದರೂ ಬಿಚ್ಚಿ ತೊಳೆಯಬೇಕು. ಇಲ್ಲವಾದರೆ ಕರಾವಳಿಯ ಈ ಥಂಡಿಯಲ್ಲಿ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯದಿರದು. ಆರೈಕೆಯನ್ನು ಕೇಳುವುದೇ ಈ ಯಂತ್ರದ ಆಕರ್ಷಣೆಯೆಂದು ಮೇಲೆ ಹೇಳಿತಷ್ಟೆ. ಹಾಗಾದರೆ ಆರೈಕೆಯ ಅಳವನ್ನು ಮೀರಿ ಕೂಡಿಹಾಕುವವನು ತಾನು ಯಾವುದನ್ನು ಪ್ರೀತಿಸಿದನೊ ಅದನ್ನೇ ಕೈಬಿಟ್ಟಂತಾಯಿತು. ಜನರೆಲ್ಲರ ತಿಳಿವಿಗಾಗಿ ಕಾಯ್ದಿರಿಸುವ ವಸ್ತುಸಂಗ್ರಹಾಲಯದ ಮಾತು ಬೇರೆ. ಅಲ್ಲಿ ಗಡಿಯಾರವು ನಡೆಯದಿದ್ದರೂ ಕಲಿಸುತ್ತದೆ. ಬೀಗ ಹಾಕಿದ ಕಪಾಟಿನಲ್ಲಿ ಅದು ಎರಡನ್ನೂ ಮಾಡದು.

ಸಂಗ್ರಹಕ್ಕೆ ಇನ್ನೊಂದು ಪರೀಕ್ಷೆಯುಂಟು, ಅದು ಸತ್ಯದ ಪರೀಕ್ಷೆ. ಕಾರ್ಖಾನೆಯು ಮುಚ್ಚಿದ ಮೇಲೆ ಎಚ್.ಎಂ.ಟಿ. ಗಡಿಯಾರಗಳಿಗೆ ಬೇಡಿಕೆಯು ಹೆಚ್ಚಿತು. ಬೇಡಿಕೆಯು ಹೆಚ್ಚಿದಂತೆ, ಒಂದರ ಯಂತ್ರ, ಮತ್ತೊಂದರ ಕವಚ, ಹೊಸದಾಗಿ ಅಚ್ಚೊತ್ತಿದ ಡಯಲು ಇವುಗಳನ್ನು ಕೂಡಿಸಿ, ಕಾರ್ಖಾನೆಯಲ್ಲಿ ಎಂದೂ ಹುಟ್ಟದಿದ್ದ ಬಣ್ಣಗಳನ್ನು ಬಳಿದು, ಹಳೆಯ ಅಸಲು ಮಾಲೆಂದು ಮಾರುವ ವ್ಯಾಪಾರವೂ ಬೆಳೆಯಿತು. ಇಲ್ಲಿ ಕೇಳಬೇಕಾದ ಪ್ರಶ್ನೆಯೇನೆಂದರೆ, ಭಾಗಗಳು ಬದಲಾದ ಗಡಿಯಾರವು ಅದೇ ಗಡಿಯಾರವೆ? ಬೌದ್ಧರ ಪ್ರಸಿದ್ಧ ಸಂವಾದವೊಂದರಲ್ಲಿ ಭಿಕ್ಷು ನಾಗಸೇನನು ಯವನ ದೊರೆ ಮಿಲಿಂದನಿಗೆ, ಚಕ್ರವೂ ರಥವಲ್ಲ, ಅಚ್ಚೂ ರಥವಲ್ಲ, ನೊಗವೂ ರಥವಲ್ಲವೆಂದು ತೋರಿಸಿ, ಇವೆಲ್ಲವುಗಳ ಕೂಟಕ್ಕೆ ವ್ಯವಹಾರದಲ್ಲಿ ಇಟ್ಟ ಹೆಸರೇ ರಥವೆಂಬುದನ್ನು ಒಪ್ಪಿಸುತ್ತಾನೆ. ಗಡಿಯಾರವೂ ಹಾಗೆಯೆ. ನಡೆಯುವ ಗಡಿಯಾರದಲ್ಲಿ ಸ್ಪ್ರಿಂಗು ತುಂಡಾಗುವುದುಂಟು, ಗಾಜು ಒಡೆಯುವುದುಂಟು, ಪಟ್ಟಿಯನ್ನು ಎಷ್ಟೋ ಸಲ ಬದಲಿಸುವುದುಂಟು. ಇದರಿಂದ ಯಾರೂ ಅದು ಅಜ್ಜನ ಗಡಿಯಾರವಲ್ಲವೆನ್ನರು. ಬಾಳಿಗಾಗಿ ಮಾಡಿದ ಬದಲಾವಣೆಯು ವಸ್ತುವಿನ ಚರಿತ್ರೆಯಲ್ಲಿಯೆ ಸೇರಿಹೋಗುತ್ತದೆ. ಆದರೆ ತೋರಿಕೆಗಾಗಿ ಮಾಡಿದ ಬದಲಾವಣೆಯು ಆ ಚರಿತ್ರೆಯನ್ನು ಅಳಿಸುತ್ತದೆ, ಅದನ್ನು ಮುಚ್ಚಿಟ್ಟು ಮಾರಿದರೆ ವಂಚನೆಯೂ ಆಗುತ್ತದೆ. ಹೊಸ ಡಯಲು ಹಾಕುವುದು ಸ್ವತಃ ಪಾಪವಲ್ಲ. ಹಾಕಿದುದನ್ನು ಹೇಳದಿರುವುದು ತಪ್ಪು. ಹೇಳಿಕೊಳ್ಳಲು ನಾಚಿಕೆಯಾಗುವ ದುರಸ್ತಿಯನ್ನು ಮಾಡಿಸದಿರುವುದೇ ಲೇಸು.

ಪಾಲನೆಯ ಮಾತು ಬಂದಾಗ ಗಡಿಯಾರಗಳನ್ನು ಮಾತ್ರ ಪಾಲಿಸಿದರೆ ಸಾಲದೆಂಬುದನ್ನೂ ನೆನೆಯಬೇಕಾಗಿದೆ. ಬ್ಯಾಲೆನ್ಸಿನ ಸುರುಳಿಯನ್ನು ಚಿಮಟದಲ್ಲಿ ಹಿಡಿದು ಸರಿಪಡಿಸಬಲ್ಲ ಕೈಗಳು ಪೇಟೆ ಪೇಟೆಗಳಲ್ಲಿಯೂ ಕಡಿಮೆಯಾಗುತ್ತಿವೆ. ಬ್ಯಾಟರಿಯನ್ನು ಬದಲಿಸುವುದನ್ನು ಒಂದು ಗಳಿಗೆಯಲ್ಲಿ ಕಲಿಯಬಹುದು. ಈ ವಿದ್ಯೆಗಾದರೊ ವರ್ಷಗಳು ಬೇಕು. ದುರಸ್ತಿಗಾರನು ಅರ್ಧ ದಿನ ಬಗ್ಗಿ ಕುಳಿತು ನೂರಕ್ಕೂ ಮಿಕ್ಕ ಭಾಗಗಳನ್ನು ಬಿಚ್ಚಿ, ತೊಳೆದು, ಕೂಡಿಸಿ ಕೇಳುವ ಮಜೂರಿಯು ಗಡಿಯಾರದ ಪೇಟೆಯ ಬೆಲೆಗೆ ಸಮನಾದರೆ ಗಿರಾಕಿಯು ಹುಬ್ಬೇರಿಸುತ್ತಾನೆ. ಹಾಗೆ ಹುಬ್ಬೇರಿಸುವವನು ಹಳೆಯ ಗಡಿಯಾರದ ಪ್ರೇಮಿಯೆನಿಸಿಕೊಳ್ಳುವುದು ಹೇಗೆ? ಒಬ್ಬನ ಮಗನು ಆ ಕಸಬನ್ನು ಕಲಿಯಬೇಕೆಂದರೆ ಅದರಿಂದ ಹೊಟ್ಟೆ ತುಂಬಬೇಕು. ನೂರೊಂದನೆಯ ಗಡಿಯಾರಕ್ಕೆ ವೆಚ್ಚಮಾಡುವ ಹಣವನ್ನು ಮನೆಯಲ್ಲಿರುವ ಒಂದರ ದುರಸ್ತಿಗೆ ಕೊಟ್ಟರೆ ಗಡಿಯಾರವೂ ಉಳಿದೀತು, ವಿದ್ಯೆಯೂ ಉಳಿದೀತು. ಆ ವಿದ್ಯೆಯು ಅಳಿದ ದಿನ ಲೋಕದ ಸಂಗ್ರಹಗಳೆಲ್ಲವೂ ಲೋಹದ ಬಿಲ್ಲೆಗಳಾಗುವುವು.

ಕಾರ್ಖಾನೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಎಚ್.ಎಂ.ಟಿ. ಗಡಿಯಾರಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತಿದ್ದಾಗ ಅವುಗಳನ್ನು ಕೊಳ್ಳದೆ ಇದ್ದ ಜನರೇ, ಮುಚ್ಚುವ ಸುದ್ದಿಯು ಹರಡಿದಾಗ ಅವುಗಳಿಗಾಗಿ ಹುಡುಕಾಡಿದರು. ಇದ್ದಾಗ ಬೇಡವಾದುದು ಹೋದಾಗ ಬೇಕೆನಿಸುವುದು ಗಡಿಯಾರಕ್ಕೆ ಮಾತ್ರ ಸಂಬಂಧಿಸಿದ ದೋಷವಲ್ಲ. ಸಂಗ್ರಹದ ಉತ್ಸಾಹದಲ್ಲಿ ಪಶ್ಚಾತ್ತಾಪದ ಒಂದು ಅಂಶವು ಸೇರಿರುತ್ತದೆ. ಅದನ್ನು ಒಪ್ಪಿಕೊಂಡವನು ಇಂದು ಬದುಕಿರುವ ಕಸಬುಗಳ ಕಡೆಗೆ ಸಕಾಲದಲ್ಲಿ ಕಣ್ಣು ತೆರೆದಾನು. ಬೆಂಗಳೂರಿನ ಆ ಕಾರ್ಖಾನೆಯಲ್ಲಿ ಸೂಜಿಯ ಮೊನೆಯಷ್ಟು ಭಾಗಗಳನ್ನು ಕೂಡಿಸಿದ ಸ್ತ್ರೀಪುರುಷರ ಹೆಸರುಗಳು ಯಾವ ಡಯಲಿನ ಮೇಲೆಯೂ ಇಲ್ಲ. ಅವರ ಶ್ರಮವು ಇನ್ನೂ ಬಡಿದುಕೊಳ್ಳುತ್ತಿರುವುದು, ಯಾರೋ ಬೆಳಗ್ಗೆ ಕೀಲಿ ಕೊಡುತ್ತಿರುವ ಗಡಿಯಾರಗಳಲ್ಲಿ ಮಾತ್ರ.

ಈಗ ಮೊಮ್ಮಗನ ಹಿಂಜರಿಕೆಗೆ ಮರಳಬಹುದು. ಡಯಲಿನ ಮೇಲಿನ ಕಲೆಯು ಗಡಿಯಾರದ ನಡೆಗೆ ಅಡ್ಡಿಯಲ್ಲ. ಅದು ಈ ಸೀಮೆಯ ಮಳೆಯೂ, ಆ ಮನೆಯ ಮರೆವೂ ಕೂಡಿ ಬರೆದ ಗುರುತು. ಅದನ್ನು ತೆಗೆದುಹಾಕಿದರೆ ಅಜ್ಜನ ಕಾಲವು ಮರಳಿ ಬಾರದು, ಹಲವು ವರ್ಷ ಅದನ್ನು ಅಲಕ್ಷಿಸಿದುದು ಮಾತ್ರ ಮರೆಯಾದೀತು. ಹೀಗೆ ಯೋಚಿಸಿ ಅವನು ಯಂತ್ರವನ್ನು ತೊಳೆಸಿ, ತುಕ್ಕು ಹಿಡಿದ ಕೀಲಿಯ ದಂಡವನ್ನು ಬದಲಿಸಿ, ಡಯಲನ್ನು ಇದ್ದಂತೆಯೆ ಬಿಡಿಸಿದನೆಂದು ಭಾವಿಸೋಣವಾಗಲಿ. ದುರಸ್ತಿಗಾರನು ಕೇಳಿದ ಮಜೂರಿಯನ್ನು ಚೌಕಾಶಿಯಿಲ್ಲದೆ ಕೊಟ್ಟನೆಂದೂ ಭಾವಿಸಬಹುದು. ಆ ಗಡಿಯಾರವು ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಜೇಬಿನಲ್ಲಿರುವ ದೂರವಾಣಿಯನ್ನು ನೋಡಿ ಅವನು ಮುಳ್ಳನ್ನು ಸರಿಪಡಿಸಿಕೊಳ್ಳುತ್ತಾನೆ. ನೋಡುವವರಿಗೆ ಇದು ಹಾಸ್ಯಾಸ್ಪದವಾಗಿ ಕಾಣಬಹುದು. ಆದರೆ ಹೊತ್ತು ತಿಳಿಯುವುದೊಂದೇ ಅವನ ಉದ್ದೇಶವಲ್ಲವಷ್ಟೆ. ಅಜ್ಜನು ದಿನವೂ ಮಾಡುತ್ತಿದ್ದ ಒಂದು ಸಣ್ಣ ಕೆಲಸವನ್ನು ಅವನು ವಹಿಸಿಕೊಂಡಿದ್ದಾನೆ. ಮುಂದೆ ಅದನ್ನು ಇನ್ನೊಬ್ಬರಿಗೆ ವಹಿಸಿಕೊಡುವವರೆಗೆ ಗಡಿಯಾರವು ಅವನದು. ಎಷ್ಟು ಗಡಿಯಾರಗಳಿಗೆ ಒಬ್ಬನು ಹೀಗೆ ನಡೆದುಕೊಳ್ಳಬಲ್ಲನೊ ಅಷ್ಟನ್ನು ಅವನು ನಿರ್ದೋಷಿಯಾಗಿ ಕೂಡಿಡಬಹುದು. ಅದಕ್ಕಿಂತ ಹೆಚ್ಚಿನವುಗಳನ್ನು ಕೀಲಿ ಕೊಡುವ ಇನ್ನೊಂದು ಕೈಗೆ ಒಪ್ಪಿಸುವುದೇ ಧರ್ಮ.